ಉಸಿರಿನಿಂದ ಹೆಸರಾದ ಪ್ರಾಣಿ

ಬಿಹಾರದ ಭಾಗಲ್ಪುರದಿಂದ ಹೊಳೆಯ ಜಾಡು ಹಿಡಿದು ಕೆಳಕ್ಕೆ ಬಂದರೆ ಕಹಲ್‌ಗಾಂವ್ ಎಂಬ ಊರು ಸಿಗುತ್ತದೆ. ಆ ಊರಿನ ಮುಂದೆ ಗಂಗೆಯ ನಡುನೀರಿನಲ್ಲಿ ಮೂರು ಬಂಡೆಗುಡ್ಡಗಳು ತಲೆಯೆತ್ತಿ ನಿಂತಿವೆ. ಚಳಿಗಾಲದ ಮುಂಜಾನೆಯಲ್ಲಿ, ಮಂಜು ಇನ್ನೂ ನೀರಿನ ಮೇಲಿನಿಂದ ಪೂರ್ತಿ ಕದಲದೆ ಇರುವಾಗ, ಹುಟ್ಟುಹಾಕುವುದನ್ನು ನಿಲ್ಲಿಸಿ ದೋಣಿಯನ್ನು ಅದರ ಪಾಡಿಗೆ ಬಿಟ್ಟು, ಆ ಬಂಡೆಗಳ ಮಗ್ಗುಲಲ್ಲಿ ಸುಮ್ಮನೆ ಕುಳಿತವನಿಗೆ, ಕಣ್ಣಿಗೆ ಏನಾದರೂ ಗೋಚರಿಸುವುದಕ್ಕೆ ಮುಂಚೆ ಕಿವಿಗೆ ಒಂದು ಸದ್ದು ಕೇಳಿಸುತ್ತದೆ. ಯಾರೋ ನಿದ್ದೆಯಿಂದ ಎದ್ದು ದೀರ್ಘವಾಗಿ ಉಸಿರುಬಿಟ್ಟಂತೆ, 'ಸೂಂ...ಸ್' ಎಂದು. ಸದ್ದು ಬಂದ ಕಡೆಗೆ ತಲೆ ತಿರುಗಿಸುವಷ್ಟರಲ್ಲಿ, ಹಕ್ಕಿಯ ಕೊಕ್ಕಿನಂತೆ ನೀಳವಾದ ಒಂದು ಮೂತಿ, ಅದರ ಹಿಂದೆ ಬೂದುಗಂದು ಬಣ್ಣದ ನುಣುಪಾದ ಬೆನ್ನು, ಬೆನ್ನಿನ ಮೇಲೆ ಈಜುರೆಕ್ಕೆ ಎನ್ನಲಾರದಷ್ಟು ತಗ್ಗಾದ ಒಂದು ಏಣು, ಇಷ್ಟೂ ಒಂದಾದ ಮೇಲೊಂದರಂತೆ ಮೇಲೆದ್ದು ಮುಳುಗಿ, ನೀರಿನ ಮೇಲೆ ಬಳೆಯಂಥ ಒಂದು ತರಂಗ ಮಾತ್ರ ಉಳಿದಿರುತ್ತದೆ. ಅಂಬಿಗನು ಅತ್ತ ನೋಡದೆಯೇ 'ಸೋಂಸ್' ಎನ್ನುತ್ತಾನೆ. ಅವನಿಗೆ ನೋಡಬೇಕಾದ ಆವಶ್ಯಕತೆಯಿಲ್ಲ. ಪ್ರಾಣಿ ತನ್ನ ಹೆಸರನ್ನು ತಾನೇ ಹೇಳಿ ಹೋಗಿದೆ.

ಹಿಂದಿಯವರ ಸೋಂಸ್, ಬಂಗಾಳಿಗಳ ಶುಶುಕ್, ಅಸ್ಸಾಮಿನವರ ಶಿಹು, ಇವೆಲ್ಲವೂ ಆ ಒಂದು ಉಸಿರಿನ ಅನುಕರಣದಿಂದ ಹುಟ್ಟಿದಂತಿರುವ ಹೆಸರುಗಳು. ಕೆಸರು ಬೆರೆತು ಒಂದು ಗೇಣು ಆಳದಾಚೆ ಏನೂ ಕಾಣಿಸದ ನೀರಿನಲ್ಲಿ ವಾಸಿಸುವ ಈ ಜೀವಿಗೆ ಹೆಸರಿಟ್ಟವರು ಅದರ ರೂಪವನ್ನು ಕಂಡದ್ದು ಕಡಿಮೆ, ಅದರ ಶ್ವಾಸವನ್ನು ಕೇಳಿದ್ದು ಹೆಚ್ಚು. ಸಂಸ್ಕೃತದ ಶಿಶುಮಾರ ಅಥವಾ ಶಿಂಶುಮಾರ ಎಂಬ ಶಬ್ದವನ್ನು ಕೋಶಕಾರರು ಮೊಸಳೆಗೂ ಹೇಳುತ್ತಾರೆ, ಈ ಪ್ರಾಣಿಗೂ ಹೇಳುತ್ತಾರೆ. ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ನೀರುನಾಯಿ ಮಕರಗಳ ಸಾಲಿನಲ್ಲಿಯೇ ಶಿಶುಮಾರವನ್ನೂ ನಿಲ್ಲಿಸಿದ್ದಾನೆ. ಭಾಗವತದ ಐದನೆಯ ಸ್ಕಂಧದಲ್ಲಂತೂ ಆಕಾಶದ ಜ್ಯೋತಿಶ್ಚಕ್ರವೆಲ್ಲ ತಲೆ ಕೆಳಗಾಗಿ ಮೈ ಸುತ್ತಿಕೊಂಡ ಒಂದು ಶಿಶುಮಾರವೆಂದೂ, ಅದರ ಬಾಲದ ತುದಿಯಲ್ಲಿ ಧ್ರುವನು ನೆಲೆಯಾಗಿದ್ದಾನೆಂದೂ ವರ್ಣನೆಯಿದೆ. ಗಂಗೆಗೆ ವಾಹನವಾದ ಮಕರದ ಕಲ್ಪನೆಯಲ್ಲಿ ಮೊಸಳೆಯ ಪಾಲು ಎಷ್ಟು, ಈ ನದೀಜೀವಿಯ ಪಾಲು ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಇದ್ದೇ ಇದೆ. ನಮ್ಮ ಬೇಲೂರು ಹಳೇಬೀಡುಗಳ ಗುಡಿಗಳ ಸುತ್ತ ಪಟ್ಟಿಕೆ ಪಟ್ಟಿಕೆಯಾಗಿ ಸಾಗುವ ಮಕರಗಳನ್ನು ಕೆತ್ತಿದ ಶಿಲ್ಪಿಗಳು ಗಂಗೆಯ ಸೋಂಸನ್ನು ಕಂಡಿದ್ದರೆಂದು ನಾನು ಹೇಳಲಾರೆ. ಆದರೆ ಕಂಡವರ ಬಾಯಿಂದ ಬಾಯಿಗೆ ಹರಿದು ಬಂದ ಒಂದು ಆಕಾರದ ನೆನಪು ಆ ಕಲ್ಲಿನಲ್ಲಿ ಎಲ್ಲಿಯೋ ಉಳಿದಿರಬಹುದೆಂಬ ಭಾವನೆ, ಆ ಜಗತಿಯ ಮುಂದೆ ನಿಂತಾಗಲೆಲ್ಲ ನನಗೆ ಬರುವುದುಂಟು.

ರಕ್ಷಣೆಯ ಮಾತೂ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನು ನಮಗಾಗಿ ಬಿಟ್ಟುಹೋದ ಅಶೋಕ ಚಕ್ರವರ್ತಿಯು, ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳು ಸಂದ ಬಳಿಕ ಉತ್ತರದ ಸ್ತಂಭಗಳ ಮೇಲೆ ಬರೆಯಿಸಿದ ಐದನೆಯ ಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಅದರಲ್ಲಿ ಬರುವ 'ಗಂಗಾಪುಪುಟಕ' ಎಂಬುದು ಈ ಗಂಗೆಯ ಡಾಲ್ಫಿನ್ನೇ ಎಂದು ಅನೇಕ ವಿದ್ವಾಂಸರು ಅರ್ಥಮಾಡಿದ್ದಾರೆ. ಅಲ್ಲಿಂದೀಚೆಗೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, 2009ರ ಅಕ್ಟೋಬರ್ 5ರಂದು, ಭಾರತ ಸರ್ಕಾರವು ಅದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು.

ಪಾಶ್ಚಾತ್ಯ ವಿಜ್ಞಾನದ ಪುಸ್ತಕಗಳಿಗೆ ಈ ಪ್ರಾಣಿ ಸೇರಿದ್ದು 1801ರಲ್ಲಿ; ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರೋ, ಲೆಬೆಕ್ ಎಂಬ ಇನ್ನೊಬ್ಬ, ಇಬ್ಬರೂ ಒಬ್ಬರನ್ನೊಬ್ಬರು ಅವಲಂಬಿಸದೆ ಅದೇ ವರ್ಷ ಅದನ್ನು ವರ್ಣಿಸಿದರು. ಇಂದು ಅದರ ಶಾಸ್ತ್ರೀಯ ನಾಮಧೇಯ ಪ್ಲಾಟನಿಸ್ಟಾ ಗ್ಯಾಂಜೆಟಿಕಾ. ಅದು ಮೀನಲ್ಲ, ಮೊಲೆಯುಣಿಸುವ ಸಸ್ತನಿ. ನಮ್ಮಂತೆಯೇ ಪುಪ್ಪುಸದಿಂದ ಉಸಿರಾಡತಕ್ಕದ್ದು. ಆದುದರಿಂದಲೇ ಒಂದೆರಡು ನಿಮಿಷಗಳಿಗೊಮ್ಮೆ, ಕೆಲವೊಮ್ಮೆ ಇನ್ನೂ ಬೇಗ, ಮೇಲಕ್ಕೆ ಬರಲೇಬೇಕು. ಹೆಣ್ಣು ಗಂಡಿಗಿಂತ ದೊಡ್ಡದು, ಎಂಟಡಿಯವರೆಗೂ ಬೆಳೆಯುತ್ತದೆ. ಅದರ ಮೂತಿಯೂ ಗಂಡಿನದಕ್ಕಿಂತ ನೀಳ. ಸುಮಾರು ಹತ್ತು ತಿಂಗಳ ಬಸಿರು, ಒಂದು ಸಲಕ್ಕೆ ಒಂದೇ ಮರಿ, ಆ ಮರಿಗೂ ಮುಂದಿನ ಮರಿಗೂ ನಡುವೆ ಎರಡು ಮೂರು ವರ್ಷಗಳ ಅಂತರ, ಹುಟ್ಟಿದ ಮರಿ ತಾನು ತಾಯಿಯೋ ತಂದೆಯೋ ಆಗುವ ವಯಸ್ಸಿಗೆ ಬರಲು ಹತ್ತು ವರ್ಷಗಳ ಆಸುಪಾಸು: ಈ ಲೆಕ್ಕವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೊಟ್ಟೆಯಿಟ್ಟು ಸಾವಿರಗಟ್ಟಲೆ ಮರಿಮಾಡುವ ಮೀನಿನ ಜಾತಿಗೆ ಒಂದು ಕೆಟ್ಟ ವರ್ಷದ ನಷ್ಟವನ್ನು ಮುಂದಿನ ಒಳ್ಳೆಯ ವರ್ಷ ತುಂಬಿಕೊಟ್ಟೀತು. ಬಲೆಗೆ ಸಿಕ್ಕಿ ಸತ್ತ ಒಂದು ಹೆಣ್ಣು ಸೋಂಸಿನ ನಷ್ಟವನ್ನು ತುಂಬಲು ಆ ಹೊಳೆಗೆ ಒಂದು ದಶಕವೇ ಬೇಕಾಗುತ್ತದೆ.

ಆದರೆ ಈ ಪ್ರಾಣಿಯ ನಿಜವಾದ ವೈಶಿಷ್ಟ್ಯವಿರುವುದು ಅದರ ಕಣ್ಣು ಕಿವಿಗಳಲ್ಲಿ. ಕಣ್ಣು ಇದೆ ಎಂಬುದೇ ಒಂದು ಮಾತು. ಅದರ ರಂಧ್ರ ಸೂಜಿ ಚುಚ್ಚಿದಷ್ಟು ಸಣ್ಣದು, ಒಳಗೆ ಬಿಂಬವನ್ನು ಮೂಡಿಸತಕ್ಕ ಸ್ಫಟಿಕದಂಥ ಮಸೂರವೇ ಇಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬಷ್ಟನ್ನು ಅದು ತಿಳಿಯಬಲ್ಲದೇ ಹೊರತು, ಎದುರಿಗಿರುವುದು ಮೀನೋ ಕಲ್ಲೋ ಎಂಬುದನ್ನು ಕಣ್ಣಿನಿಂದ ಅರಿಯದು. ಹಿಮಾಲಯದ ಹೂಳನ್ನು ಹೊತ್ತು ತರುವ ನೀರಿನಲ್ಲಿ ಲಕ್ಷಾಂತರ ವರ್ಷ ಬಾಳಿದ ವಂಶಕ್ಕೆ ದೃಷ್ಟಿಯಿಂದ ಪ್ರಯೋಜನವೇನು? ಅದಕ್ಕೆ ಬದಲಾಗಿ ಪ್ರಕೃತಿಯು ಅದಕ್ಕೆ ಶಬ್ದವನ್ನು ಕೊಟ್ಟಿದೆ. ನಮ್ಮ ಕಿವಿಯ ಅಳವಿಗೆ ಮೀರಿದ, ಚಿಟಿಕೆ ಹೊಡೆದಂಥ ಸೂಕ್ಷ್ಮ ಧ್ವನಿಗಳನ್ನು ಹಗಲಿರುಳೂ ಎಡೆಬಿಡದೆ ಹೊರಡಿಸುತ್ತ, ಅವು ಮರಳಿನ ದಿಣ್ಣೆಗೆ, ಮೀನಿನ ಮೈಗೆ, ದೋಣಿಯ ತಳಕ್ಕೆ ತಾಗಿ ಹಿಂದಿರುಗಿದ ಪ್ರತಿಧ್ವನಿಯಿಂದಲೇ ತನ್ನ ಸುತ್ತಣ ಲೋಕದ ಚಿತ್ರವನ್ನು ಅದು ಬರೆದುಕೊಳ್ಳುತ್ತದೆ. ತಲೆಬುರುಡೆಯ ಮುಂಭಾಗದಲ್ಲಿ ಎರಡು ಎಲುಬಿನ ಹಾಳೆಗಳು ಬೊಗಸೆಯಂತೆ ಮುಂದಕ್ಕೆ ಬಾಗಿ ನಿಂತಿರುವುದು ಈ ಧ್ವನಿಯನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುವುದಕ್ಕಾಗಿಯೆ ಎಂದು ತಿಳಿದವರು ಊಹಿಸಿದ್ದಾರೆ. ಇತರ ಅನೇಕ ಡಾಲ್ಫಿನ್ನುಗಳಿಗೆ ಇಲ್ಲದಂತೆ ಇದರ ಕತ್ತಿನ ಕೀಲುಗಳು ಸಡಿಲವಾಗಿರುವುದರಿಂದ ತಲೆಯನ್ನು ಅತ್ತಿತ್ತ ಆಡಿಸಬಲ್ಲದು. ಆಳವಿಲ್ಲದ ನೀರಿನಲ್ಲಿ ಮಗ್ಗುಲಾಗಿ, ಒಂದು ಈಜುಗೈಯನ್ನು ತಳಕ್ಕೆ ತಾಗಿಸಿ, ಕುರುಡನು ಕೋಲಿನಿಂದ ದಾರಿ ತಡವಿದಂತೆ ತಳವನ್ನು ತಡವುತ್ತ ಮುಂದೆ ಸಾಗುತ್ತದೆ. ಈ ಪ್ರಾಣಿಯನ್ನು ಕಾಪಾಡುವುದೆಂದರೆ ಏನನ್ನು ಕಾಪಾಡುವುದು ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿಂದಲೇ ಆರಂಭಿಸಬೇಕೆಂದು ನನ್ನ ನಂಬಿಕೆ. ಅದಕ್ಕೆ ಬೇಕಾದುದು ಬೇಲಿಯಲ್ಲ. ಅದರ ಶಬ್ದ ಹೋಗಿ ಬರುವುದಕ್ಕೆ ಎಡೆಯುಳ್ಳಷ್ಟು ಆಳವಾದ, ಹರಿಯುತ್ತಿರುವ, ಗದ್ದಲವಿಲ್ಲದ ನೀರು.

ನದಿಯೆಲ್ಲ ಒಂದೇ ಸಮನಾಗಿ ಅದಕ್ಕೆ ಮನೆಯೂ ಅಲ್ಲ. ನಮ್ಮ ಹೊಳೆಗಳ ದಂಡೆಯಲ್ಲಿ ಬೆಳೆದವರಿಗೆ ಮಡು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಹೊಳೆ ಬತ್ತಿ ಮರಳಿನ ನಡುವೆ ನಾಲ್ಕು ಎಳೆಯಾಗಿ ಹರಿಯುವಾಗಲೂ ಆಳ ಕೆಡದೆ ಉಳಿಯುವ ಜಾಗವದು. ಎರಡು ನದಿಗಳು ಕೂಡುವ ಎಡೆ, ಹೊಳೆ ಮೊಣಕೈಯಂತೆ ತಿರುಗುವ ಎಡೆ, ನಡುಗಡ್ಡೆಯ ಕೆಳಬದಿ, ಬಂಡೆಗೆ ಹೊಡೆದ ಪ್ರವಾಹ ಹಿಂದಕ್ಕೆ ಸುಳಿದು ಬರುವ ಎಡೆ, ಇಂಥ ಮಡುಗಳಲ್ಲಿ ಮೀನು ತಂಗುತ್ತದೆ, ಮೀನನ್ನು ಅರಸಿ ಸೋಂಸು ತಂಗುತ್ತದೆ. ಎರಡನ್ನೂ ಬಲ್ಲ ಮೀನುಗಾರನು ತನ್ನ ಬಲೆಯನ್ನು ಅಲ್ಲಿಯೇ ಇಳಿಬಿಡುತ್ತಾನೆ. ಮಳೆಗಾಲದಲ್ಲಿ ನೀರೇರಿದಾಗ ಅದು ಉಪನದಿಗಳೊಳಕ್ಕೂ, ನೆರೆಯ ನೀರು ನಿಂತ ತಗ್ಗುಗಳಿಗೂ ಏರಿ ಹೋಗಿ, ನೀರಿಳಿದಂತೆ ಮತ್ತೆ ದೊಡ್ಡ ನದಿಗೆ ಮರಳುತ್ತದೆ. ಹೀಗೆ ಏರುವುದೂ ಇಳಿಯುವುದೂ ಅದರ ವರ್ಷದ ನಡೆ.

ಈ ನಡೆಗೆ ಅಡ್ಡವಾಗಿ ನಿಂತವು ಬ್ಯಾರೇಜುಗಳು. 1870ರ ದಶಕದಲ್ಲಿ ಬರೆದ ಜಾನ್ ಆಂಡರ್ಸನ್ ಎಂಬ ಪ್ರಾಣಿಶಾಸ್ತ್ರಜ್ಞನ ಮಾತಿನ ಪ್ರಕಾರ ಆಗಿನ ಕಾಲಕ್ಕೆ ಯಮುನೆಯಲ್ಲಿ ದೆಹಲಿಯವರೆಗೂ ಈ ಪ್ರಾಣಿ ಏರಿ ಬರುತ್ತಿತ್ತು. ದೆಹಲಿಯ ಯಮುನೆಯ ಇಂದಿನ ಸ್ಥಿತಿಯನ್ನು ಕಂಡವರಿಗೆ ಈ ವಾಕ್ಯ ಪುರಾಣದಂತೆ ಕೇಳಿಸೀತು. ಈಗ ಯಮುನೆಯಲ್ಲಿ ಅದು ಉಳಿದಿರುವುದು ಚಂಬಲ್ ನದಿ ಬಂದು ಕೂಡಿ ನೀರು ತುಂಬಿಸಿದ ಬಳಿಕದ ಭಾಗದಲ್ಲಿ ಮಾತ್ರ. ಗಂಗೆಯಲ್ಲಿ ಬಿಜನೌರಿನ ಬ್ಯಾರೇಜು ಅದರ ಮೇಲ್ಗಡಿಯಾಗಿ ಹೋಗಿದೆ. ಬಿಜನೌರಿಗೂ ನರೋರಾಕ್ಕೂ ನಡುವೆ, ಮೇಲೊಂದು ಕೆಳಗೊಂದು ಒಡ್ಡಿನ ಮಧ್ಯೆ, ಒಂದು ಸಣ್ಣ ಗುಂಪು ಸಿಕ್ಕಿಕೊಂಡಿದೆ. ಅದಕ್ಕೆ ಹೊರಗಿನಿಂದ ಬರುವವರಿಲ್ಲ, ಹೊರಗೆ ಹೋದರೆ ಹಿಂದಿರುಗುವ ದಾರಿಯಿಲ್ಲ. ನೇಪಾಳದ ನದಿಗಳಲ್ಲಿ ಉಳಿದಿರುವವು ಬೆರಳೆಣಿಕೆಯವು. ಬಂಗಾಳದ ಫರಕ್ಕಾದಲ್ಲಿ, ಎರಡು ಕಿಲೋಮೀಟರಿಗೂ ಉದ್ದವಾದ, 109 ಬಾಗಿಲುಗಳ ಬ್ಯಾರೇಜು 1975ರಿಂದ ಗಂಗೆಯನ್ನು ತಡೆದು ಅದರ ಒಂದು ಪಾಲನ್ನು ಹೂಗ್ಲಿಯ ಕಡೆಗೆ ತಿರುಗಿಸುತ್ತಿದೆ. ಬಾಗಿಲುಗಳು ತೆರೆದಾಗ ಕೆಳಕ್ಕೆ ಜಾರಿಹೋದ ಪ್ರಾಣಿ ಆ ರಭಸದ ವಿರುದ್ಧ ಮತ್ತೆ ಮೇಲೇರಲಾರದು. ಕಾಡಿನಲ್ಲಿ ಒಂದು ರಸ್ತೆ ಬಂದರೆ ಆನೆಯು ರಾತ್ರಿಯ ಹೊತ್ತಾದರೂ ಅದನ್ನು ದಾಟೀತು. ಕಾಂಕ್ರೀಟಿನ ಗೋಡೆಯನ್ನು ನೀರಿನ ಪ್ರಾಣಿ ಹೇಗೆ ದಾಟಬೇಕು?

ನೀರಾವರಿಯ ನಾಲೆಗಳದು ಇನ್ನೊಂದು ದುಃಖ. ನದಿಯಿಂದ ತೂಬಿನ ಮೂಲಕ ನಾಲೆಗೆ ನುಗ್ಗುವ ನೀರಿನ ಜೊತೆಗೆ ಸೋಂಸೂ ಒಳಹೊಗುತ್ತದೆ. ಮುಂದೆ ನಾಲೆ ಕಿರಿದಾಗುತ್ತ ಹೋಗುತ್ತದೆ. ತೂಬು ಮುಚ್ಚಿದರೆ ನೀರಿಳಿದು ಕೆಸರು ಉಳಿಯುತ್ತದೆ. 2020ರ ಡಿಸೆಂಬರಿನ ಕೊನೆಯ ದಿನ ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯಲ್ಲಿ ಹೀಗೆ ನಾಲೆಗೆ ಬಂದ ಒಂದು ಪ್ರಾಣಿಯನ್ನು ಕೆಲವರು ದೊಣ್ಣೆ ಕೊಡಲಿಗಳಿಂದ ಹೊಡೆದು ಕೊಂದರು. ಅದರ ಚಲನಚಿತ್ರ ದೇಶವೆಲ್ಲ ಹರಡಿ, ನೋಡಿದವರ ಮನಸ್ಸು ಕಲಕಿತು. ಕೊಂದವರಲ್ಲಿ ಮೂವರು ಸೆರೆಯಾದರು. ಅವರ ಕೃತ್ಯ ಘೋರವೇ ಸರಿ. ಆದರೂ ಆ ಪ್ರಾಣಿ ಅಲ್ಲಿಗೆ ಬಂದದ್ದು ಹೇಗೆ, ತೂಬಿನ ಬಾಯಿಗೆ ಒಂದು ಜಾಲರಿಯನ್ನು ಕಟ್ಟುವುದು ಯಾರ ಹೊಣೆಯಾಗಿತ್ತು ಎಂಬ ಪ್ರಶ್ನೆ ಆ ಚಿತ್ರದಲ್ಲಿ ಕಾಣಿಸುವುದಿಲ್ಲ. ಅದೇ ರಾಜ್ಯದಲ್ಲಿ ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಸೇರಿ, ನಾಲೆಯಲ್ಲಿ ಸಿಕ್ಕಿಬಿದ್ದ ಸೋಂಸುಗಳನ್ನು ಬಲೆಯಿಂದ ನಯವಾಗಿ ಹಿಡಿದು, ಒದ್ದೆಬಟ್ಟೆ ಹೊದಿಸಿ, ಮೈ ಒಣಗದಂತೆ ದಾರಿಯುದ್ದಕ್ಕೂ ನೀರೆರೆಯುತ್ತ ವಾಹನದಲ್ಲಿ ಒಯ್ದು ದೊಡ್ಡ ನದಿಗೆ ಬಿಟ್ಟ ಸಂದರ್ಭಗಳೂ ಹಲವು ಇವೆ. ಅವುಗಳ ಚಿತ್ರ ಅಷ್ಟು ದೂರ ಹೋಗುವುದಿಲ್ಲ.

ಬೇಟೆಯ ವಿಚಾರಕ್ಕೆ ಬಂದರೆ, ಮಾಂಸಕ್ಕಿಂತಲೂ ಎಣ್ಣೆಯೇ ಈ ಪ್ರಾಣಿಗೆ ಮುಳುವಾದದ್ದು. ಅದರ ಚರ್ಮದ ಕೆಳಗಣ ಕೊಬ್ಬನ್ನು ಕುದಿಸಿ ತೆಗೆದ ಎಣ್ಣೆಯನ್ನು ಕೀಲುನೋವಿಗೆ ತಿಕ್ಕಿಕೊಳ್ಳುವ ರೂಢಿ ಇತ್ತು. ಅದಕ್ಕಿಂತ ಹೆಚ್ಚಾಗಿ ಬಿಹಾರ ಅಸ್ಸಾಮುಗಳ ಮೀನುಗಾರರು ಅದನ್ನು ಮೀನು ಕರೆಯುವ ಮದ್ದನ್ನಾಗಿ ಬಳಸುತ್ತಿದ್ದರು. ನೀರಿನ ಮೇಲೆ ತೊಟ್ಟು ತೊಟ್ಟಾಗಿ ಎಣ್ಣೆಯನ್ನು ಬಿಟ್ಟರೆ ಅದರ ಪೊರೆ ಹರಡಿದ ಕಡೆಗೆ ಬಚುವಾ, ಗರುವಾ ಎಂಬ ಮೀನುಗಳು ಮುತ್ತಿಕೊಂಡು ಬರುತ್ತವೆ. ಇದನ್ನು ಕಾನೂನಿನಿಂದ ನಿಲ್ಲಿಸುವುದು ಒಂದು ಮಾರ್ಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಇದರ ಹೆಸರೂ ಇದೆ. ಆದರೆ ಹೊಳೆಯ ಮೇಲಿನ ನಡುರಾತ್ರಿಯಲ್ಲಿ ಕಾಯಿದೆಯ ಪುಟಗಳನ್ನು ಯಾರು ತಿರುವಿಹಾಕುತ್ತಾರೆ? ಪಟ್ನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಜೀವಮಾನದ ಬಹುಭಾಗವನ್ನು ಈ ಒಂದು ಜೀವಿಗಾಗಿ ಕಳೆದು, 'ಡಾಲ್ಫಿನ್ ಮ್ಯಾನ್' ಎಂದೇ ಜನರ ಬಾಯಲ್ಲಿ ಹೆಸರಾಗಿ, 2016ರಲ್ಲಿ ಪದ್ಮಶ್ರೀ ಪಡೆದ ರವೀಂದ್ರಕುಮಾರ ಸಿನ್ಹಾ ಅವರು ಬೇರೊಂದು ದಾರಿಯನ್ನು ಹಿಡಿದರು. ಮೀನು ಮಾರುವ ಕಟ್ಟೆಯಲ್ಲಿ ಹೆಚ್ಚಿ ಬಿಸಾಡಿದ ಮೀನಿನ ಕರುಳು ಕೊಬ್ಬುಗಳಿಂದಲೇ ಎಣ್ಣೆ ತೆಗೆದು, ಸೋಂಸಿನ ಎಣ್ಣೆಯ ಬದಲಿಗೆ ಅದನ್ನು ಹೊಳೆಯಲ್ಲಿ ಪ್ರಯೋಗಿಸಿ, ಮೀನು ಅದಕ್ಕೂ ಬರುತ್ತದೆಂದು ಮೀನುಗಾರರ ಕಣ್ಣೆದುರಿನಲ್ಲಿಯೇ ತೋರಿಸಿಕೊಟ್ಟರು. ನಿನ್ನ ಕಸುಬನ್ನು ಬಿಡು ಎನ್ನುವುದಕ್ಕೂ, ನಿನ್ನ ಕಸುಬಿಗೆ ಇನ್ನೊಂದು ಉಪಾಯವಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ಅಧ್ಯಾಪಕರು ನಮ್ಮಲ್ಲಿ ಇನ್ನೂ ಹೆಚ್ಚಾಗಿ ಬೇಕು.

ಮೀನುಗಾರರ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸುಲ್ತಾನ್‌ಗಂಜಿನಿಂದ ಕಹಲ್‌ಗಾಂವಿನವರೆಗೆ ಸುಮಾರು ಅರವತ್ತು ಕಿಲೋಮೀಟರಿನ ಗಂಗೆಯನ್ನು 1991ರಲ್ಲಿ ವಿಕ್ರಮಶಿಲಾ ಡಾಲ್ಫಿನ್ ಅಭಯಧಾಮವೆಂದು ಘೋಷಿಸಲಾಯಿತು. ಅದೇ ನೀರಿಗೆ ಇನ್ನೊಂದು ಚರಿತ್ರೆಯೂ ಇದೆ. ದೇಶದಲ್ಲಿ ನೆಲದ ಜಮೀನ್ದಾರಿ ಅಳಿದು ದಶಕಗಳಾಗಿದ್ದರೂ, ಸುಲ್ತಾನ್‌ಗಂಜಿನಿಂದ ಪೀರಪೈಂತಿಯವರೆಗಿನ ಗಂಗೆಯ ಮೇಲೆ 'ಪಾನೀದಾರಿ' ಎಂಬ ನೀರಿನ ಜಮೀನ್ದಾರಿ ಉಳಿದೇ ಇತ್ತು. ತಲತಲಾಂತರದಿಂದ ಹೊಳೆಯನ್ನೇ ನಂಬಿದ ಮಲ್ಲಾಹರು ಬಲೆ ಹಾಕಬೇಕಾದರೆ ಒಡೆಯರಿಗೆ ಕಂದಾಯ ಕೊಡಬೇಕಾಗಿತ್ತು. ಕಹಲ್‌ಗಾಂವಿನಲ್ಲಿ 1982ರಲ್ಲಿ ಮೊದಲಾದ ಗಂಗಾ ಮುಕ್ತಿ ಆಂದೋಲನವು ಹತ್ತು ವರ್ಷಗಳಷ್ಟು ಕಾಲ ಅಹಿಂಸೆಯಿಂದ ಹೋರಾಡಿ ಆ ಪದ್ಧತಿಯನ್ನು ಕೊನೆಗಾಣಿಸಿತು. ಆದುದರಿಂದ, ಒಂದು ಒಡೆತನದಿಂದ ಆಗ ತಾನೇ ಬಿಡಿಸಿಕೊಂಡ ಜನರಿಗೆ ಅಭಯಧಾಮದ ಹಲಗೆ ಮತ್ತೊಂದು ಒಡೆತನದಂತೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಸೋಂಸು ಸಾಯುವುದು ಹೆಚ್ಚಾಗಿ ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಸಣ್ಣ ನೈಲಾನ್ ಎಳೆಯ ಬಲೆಗಳಲ್ಲಿ. ಅಷ್ಟು ತೆಳುವಾದ ಎಳೆಯಿಂದ ಪ್ರತಿಧ್ವನಿ ಸರಿಯಾಗಿ ಹಿಂದಿರುಗದೆ, ಮೂತಿಯ ಹಲ್ಲುಗಳು ಬಲೆಯ ಕಣ್ಣಿಗೆ ಸಿಕ್ಕಿಕೊಂಡು, ಮೇಲೇರಿ ಉಸಿರೆಳೆಯಲಾಗದೆ ಅದು ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ಬೇಕೆಂದು ಅದನ್ನು ಹಿಡಿಯುವ ಮೀನುಗಾರ ಈಗ ಅಪರೂಪ. ಸತ್ತ ಪ್ರಾಣಿ ಬಲೆಯಲ್ಲಿ ಬಂದರೆ ಅವನಿಗೆ ಬಲೆಯೂ ಹಾಳು, ಮೇಲೆ ಮೊಕದ್ದಮೆಯ ಭಯ. ಆದುದರಿಂದ ಹೇಳದೆ ಹೂಳುವುದೇ ಅವನಿಗೆ ಲೇಸಾಗಿ ತೋರುತ್ತದೆ. ಹರಿದ ಬಲೆಯ ಬೆಲೆಯನ್ನು ಕೊಟ್ಟು, ಬದುಕಿರುವುದನ್ನು ಬಿಡಿಸಿ ಕಳಿಸಿದವನನ್ನು ಗೌರವಿಸಿ, ಸತ್ತುದನ್ನು ನಿರ್ಭಯವಾಗಿ ತಿಳಿಸುವ ಅವಕಾಶ ಮಾಡಿಕೊಡದ ಹೊರತು, ಅವನು ನಮ್ಮ ಪಕ್ಷಕ್ಕೆ ಬರಲೆಂದು ಬಯಸುವುದು ನ್ಯಾಯವಾಗದು. ನೀರಿನೊಳಗೆ ಎಲ್ಲಿ ಎಷ್ಟು ಸೋಂಸಿದೆ, ಯಾವ ತಾಯಿಯ ಜೊತೆ ಮರಿಯಿದೆ ಎಂಬುದನ್ನು ದಿನವೂ ಬಲ್ಲವನು ಅವನೊಬ್ಬನೇ.

ಎಣಿಸುವವರೂ ಅವನ ದೋಣಿಯಲ್ಲಿಯೇ ಕುಳಿತು ಎಣಿಸಬೇಕು. ಕ್ಷಣಮಾತ್ರ ಮೇಲೆದ್ದು ಮುಳುಗುವ, ಒಂದಕ್ಕೊಂದು ಗುರುತು ಹತ್ತದ ಪ್ರಾಣಿಯನ್ನು ಲೆಕ್ಕಹಾಕುವುದು ಸುಲಭವಲ್ಲ. ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಪ್ರತ್ಯೇಕವಾಗಿ ನೋಡಿ ಬರೆದುಕೊಳ್ಳುವುದು, ನೀರಿನೊಳಕ್ಕೆ ಧ್ವನಿಗ್ರಾಹಕವನ್ನು ಇಳಿಬಿಟ್ಟು ಕಣ್ತಪ್ಪಿದವನ್ನು ಕಿವಿಯಿಂದ ಹಿಡಿಯುವುದು, ಹೀಗೆ ಹಲವು ಉಪಾಯಗಳು. 2020ರಲ್ಲಿ ಘೋಷಿತವಾದ ಡಾಲ್ಫಿನ್ ಯೋಜನೆಯ ಅಂಗವಾಗಿ ಎಂಟು ರಾಜ್ಯಗಳ 28 ನದಿಗಳಲ್ಲಿ, 8,500 ಕಿಲೋಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸಿ ನಡೆಸಿದ ಗಣತಿಯ ಫಲಿತಾಂಶ 2025ರ ಮಾರ್ಚಿನಲ್ಲಿ ಪ್ರಕಟವಾಯಿತು: ದೇಶದ ನದೀ ಡಾಲ್ಫಿನ್ನುಗಳ ಸಂಖ್ಯೆ 6,327. ಅದರಲ್ಲಿ ಉತ್ತರ ಪ್ರದೇಶದ ಪಾಲು 2,397, ಬಿಹಾರದ್ದು 2,220, ಪಶ್ಚಿಮ ಬಂಗಾಳದ್ದು 815, ಅಸ್ಸಾಮಿನದು 635. ಈ ಅಂಕಿಯನ್ನು ಕಂಡು ಸಂತೋಷಪಡುವುದಕ್ಕೆ ಕಾರಣವಿದೆ. ಆದರೆ ಅಷ್ಟೂ ಪ್ರಾಣಿಗಳು ಒಂದೇ ಕೆರೆಯಲ್ಲಿ ಕೂಡಿ ಇಲ್ಲ. ಒಡ್ಡುಗಳಿಂದ ತುಂಡುತುಂಡಾದ ನೀರಿನಲ್ಲಿ ಹಂಚಿಹೋಗಿವೆ ಎಂಬುದನ್ನು ಮರೆತರೆ ಸಂಖ್ಯೆ ನಮಗೆ ಇಲ್ಲದ ಧೈರ್ಯವನ್ನು ಕೊಟ್ಟುಬಿಡುತ್ತದೆ.

ಆ 6,327ರೊಳಗೆ ಮೂರು ಮಾತ್ರ ಗಂಗೆಯ ಸಂತತಿಯವಲ್ಲ. ಅವು ಪಂಜಾಬಿನ ಬಿಯಾಸ್ ನದಿಯಲ್ಲಿರುವ ಸಿಂಧೂ ಡಾಲ್ಫಿನ್ನುಗಳು. ಭಾರತದಲ್ಲಿ ಅಳಿದೇ ಹೋಯಿತೆಂದು ತಿಳಿದಿದ್ದ ಆ ಬಂಧುವರ್ಗ 2007ರಲ್ಲಿ ಅಲ್ಲಿ ಮತ್ತೆ ಕಾಣಿಸಿಕೊಂಡಿತು. ಪಾಕಿಸ್ತಾನದಲ್ಲಿ ಗುಡ್ಡು ಮತ್ತು ಸುಕ್ಕೂರ್ ಬ್ಯಾರೇಜುಗಳ ನಡುವೆ ಅವು ಚೆನ್ನಾಗಿ ಉಳಿದಿರುವುದರಿಂದ ಜಾತಿ ಅಳಿದಿಲ್ಲ. ಬಿಯಾಸಿನ ಮೂರಕ್ಕೆ ಮಾತ್ರ ಅವುಗಳನ್ನು ಸೇರುವ ದಾರಿಯಿಲ್ಲ. ಮೂರು ಎಂಬ ಸಂಖ್ಯೆ ಯಾವುದರ ಹಿಂದಿನ ಸಂಖ್ಯೆ ಎಂಬುದನ್ನು ತಿಳಿಯಬೇಕಾದರೆ ಚೀನದ ಯಾಂಗ್‌ತ್ಸೆ ನದಿಯ ಕಡೆಗೆ ನೋಡಬೇಕು. ಅಲ್ಲಿನ ಬೈಜಿ ಎಂಬ ಬಿಳಿಯ ಡಾಲ್ಫಿನ್ನನ್ನು ಹುಡುಕಿಕೊಂಡು 2006ರ ಕೊನೆಯಲ್ಲಿ ಹಲವು ದೇಶಗಳ ವಿಜ್ಞಾನಿಗಳು ಎರಡು ಹಡಗುಗಳಲ್ಲಿ, ದುರ್ಬೀನು ಹಿಡಿದು, ನೀರಿಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟು, ಆರು ವಾರಗಳ ಕಾಲ ನದಿಯನ್ನು ಸೋಸಿದರು. ಒಂದೂ ಕಾಣಲಿಲ್ಲ, ಒಂದರ ಧ್ವನಿಯೂ ಕೇಳಲಿಲ್ಲ. ವುಹಾನಿನ ಕೊಳವೊಂದರಲ್ಲಿ ಇಪ್ಪತ್ತೆರಡು ವರ್ಷ ಒಂಟಿಯಾಗಿಯೇ ಬಹುಪಾಲು ಕಾಲ ಕಳೆದ ಛಿಛಿ ಎಂಬ ಗಂಡು ಬೈಜಿ 2002ರಲ್ಲಿಯೇ ತೀರಿಕೊಂಡಿತ್ತು. ಬೈಜಿಯನ್ನು ಯಾರೂ ದ್ವೇಷದಿಂದ ಕೊಂದು ಮುಗಿಸಿದ್ದಲ್ಲ. ಕೊಕ್ಕೆಸಾಲು, ಬಲೆ, ಹಡಗು, ಒಡ್ಡು, ಹೊಲಸು, ಇವೆಲ್ಲ ಪ್ರತಿಯೊಂದೂ ತನ್ನ ತನ್ನ ಕೆಲಸವನ್ನು ಮಾಡುತ್ತಿರುವಾಗ ಅದು ಯಾರ ಗಮನಕ್ಕೂ ಬಾರದೆ ಕರಗಿತು.

ಹಡಗಿನ ಮಾತನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಹಲ್ದಿಯಾದಿಂದ ಪ್ರಯಾಗದವರೆಗೆ 1,620 ಕಿಲೋಮೀಟರ್ ಗಂಗೆಯನ್ನು 1986ರಲ್ಲಿ ಮೊದಲನೆಯ ರಾಷ್ಟ್ರೀಯ ಜಲಮಾರ್ಗವೆಂದು ಸಾರಲಾಯಿತು. ಈಚಿನ ವರ್ಷಗಳಲ್ಲಿ ಅದರಲ್ಲಿ ಭಾರದ ಸರಕುದೋಣಿಗಳನ್ನು ನಡೆಸುವ ಉತ್ಸಾಹ ಹೆಚ್ಚಿದೆ, ಅವಕ್ಕೆ ದಾರಿಯಾಗಲೆಂದು ತಳದ ಹೂಳನ್ನು ಯಂತ್ರಗಳಿಂದ ಬಗೆಯುವುದೂ ನಡೆದಿದೆ. ಬೆಂಗಳೂರಿನ ಅಶೋಕಾ ಪರಿಸರ ಸಂಶೋಧನಾ ಸಂಸ್ಥೆಯಲ್ಲಿದ್ದ ಜಗದೀಶ ಕೃಷ್ಣಸ್ವಾಮಿ, ನಚಿಕೇತ ಕೇಳ್ಕರ್ ಮೊದಲಾದವರು ಸಹ ಸೇರಿ ಬಿಹಾರದ ಗಂಗೆಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು, ಇಂಜಿನಿನ ಸದ್ದು ಈ ಪ್ರಾಣಿಯ ಸದ್ದನ್ನು ಮುಚ್ಚಿಹಾಕುತ್ತದೆಂದೂ, ಅದನ್ನು ಮೀರಿ ಕೇಳಿಸುವಂತೆ ಕೂಗಬೇಕಾದಾಗ ಅದರ ಮೈಯ ಶಕ್ತಿ ವಿಪರೀತವಾಗಿ ವ್ಯಯವಾಗುತ್ತದೆಂದೂ, ನೀರಿನ ಆಳ ಕಡಿಮೆಯಾದಷ್ಟೂ ಆ ಬಾಧೆ ಹೆಚ್ಚುತ್ತದೆಂದೂ ತೋರಿಸಿತು. ಸಂತೆಯ ನಡುವೆ ಕಣ್ಣು ಕಟ್ಟಿ ಬಿಟ್ಟ ಮನುಷ್ಯನು ಕೇವಲ ದನಿಯಿಂದ ತನ್ನ ಮಗುವನ್ನು ಹುಡುಕಬೇಕಾದ ಸ್ಥಿತಿಯನ್ನು ಊಹಿಸಿಕೊಂಡರೆ ಸೋಂಸಿನ ಕಷ್ಟ ನಮಗೆ ಸ್ವಲ್ಪ ತಿಳಿದೀತು. ಹಡಗು ನಿಧಾನವಾಗಿ ಸಾಗಬಹುದು. ಮಡುಗಳಿರುವ ಕಡೆ ದೂರವಾಗಿ ಸಾಗಬಹುದು. ಬೇಸಗೆಯ ಕಿರುನೀರಿನಲ್ಲಿ ಸಂಚಾರವನ್ನು ಕಡಮೆಮಾಡಬಹುದು. ಇವು ಅಸಾಧ್ಯವಾದ ಬೇಡಿಕೆಗಳೇನೂ ಅಲ್ಲ.

ಈ ಪ್ರಾಣಿಯ ವಿಷಯದಲ್ಲಿ ಜನರ ಮನಸ್ಸು ಮೃದುವಾಗಿದೆ ಎಂಬುದಕ್ಕೆ ಕುರುಹುಗಳು ಇಲ್ಲದಿಲ್ಲ. ಬ್ರಹ್ಮಪುತ್ರದ ದಂಡೆಯ ಗುವಾಹಟಿ ನಗರವು 2016ರಲ್ಲಿ ಅದನ್ನು ತನ್ನ ನಗರದ ಪ್ರಾಣಿಯಾಗಿ ಆರಿಸಿಕೊಂಡಿತು. ಪಟ್ನಾದಲ್ಲಿ ಅದರ ಅಧ್ಯಯನಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ 2024ರಲ್ಲಿ ಬಾಗಿಲು ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಸ್ಸಾಮಿನ ಕಾಮರೂಪ ಜಿಲ್ಲೆಯಲ್ಲಿ ಆರೋಗ್ಯವಂತ ಗಂಡೊಂದನ್ನು ಹಿಡಿದು, ಅದರ ಮೈಗೆ ಹಗುರವಾದ ಒಂದು ಸಂಕೇತಯಂತ್ರವನ್ನು ತೊಡಿಸಿ ಮರಳಿ ನೀರಿಗೆ ಬಿಟ್ಟರು. ಅದು ಉಸಿರಿಗಾಗಿ ಮೇಲೆದ್ದ ಆ ಒಂದು ಕ್ಷಣದಲ್ಲಿಯೇ ಯಂತ್ರವು ಉಪಗ್ರಹಕ್ಕೆ ಸುದ್ದಿ ಮುಟ್ಟಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಮಾತ್ರ ಬೇರೆಡೆಯಲ್ಲಿ ನಡೆಯುತ್ತದೆ. ಫರಕ್ಕಾದ ನೀರನ್ನು ಭಾರತವೂ ಬಾಂಗ್ಲಾದೇಶವೂ ಹಂಚಿಕೊಳ್ಳುವ ಒಪ್ಪಂದ 1996ರ ಡಿಸೆಂಬರಿನಲ್ಲಿ ಮೂವತ್ತು ವರ್ಷಗಳ ಅವಧಿಗೆ ಆದದ್ದು. 2026ರ ಡಿಸೆಂಬರಿಗೆ ಅದರ ಅವಧಿ ತುಂಬುತ್ತದೆ. ಅದರ ಪ್ರಕಾರ ಜನವರಿ ಒಂದರಿಂದ ಮೇ ಮೂವತ್ತೊಂದರವರೆಗೆ ಹತ್ತು ಹತ್ತು ದಿನಗಳ ಕಂತುಗಳಲ್ಲಿ ನದಿಯನ್ನು ಅಳೆದು, ಹರಿವು 70,000 ಕ್ಯೂಸೆಕ್ಕಿಗೆ ಮೀರದಿದ್ದರೆ ಅರ್ಧರ್ಧ, ಅದಕ್ಕೆ ಮೀರಿದರೆ ಇಂತಿಷ್ಟು ಇವರಿಗೆ ಇಂತಿಷ್ಟು ಅವರಿಗೆ ಎಂದು ಪಾಲುಮಾಡಲಾಗುತ್ತದೆ. ಗಂಗೆಯ ಸೋಂಸುಗಳು ಮರಿಹಾಕುವುದು ಹೆಚ್ಚಾಗಿ ಡಿಸೆಂಬರ್ ಜನವರಿಗಳಲ್ಲಿ ಒಮ್ಮೆ, ಮಾರ್ಚಿನಿಂದ ಮೇ ತಿಂಗಳವರೆಗೆ ಇನ್ನೊಮ್ಮೆ. ಆ ಕಾಲದಲ್ಲಿ ಕಹಲ್‌ಗಾಂವಿನ ಬಂಡೆಗಳ ಬಳಿ ದೋಣಿ ನಿಲ್ಲಿಸಿ ಕಿವಿಗೊಟ್ಟರೆ, ಒಂದು ದೀರ್ಘವಾದ ಉಸಿರಿನ ಹಿಂದೆಯೇ, ಕೈಯಳತೆಯ ದೂರದಲ್ಲಿ, ಅದರ ಅರ್ಧದಷ್ಟು ಸಣ್ಣದಾದ ಇನ್ನೊಂದು ಉಸಿರು ಕೇಳಿಸುತ್ತದೆ.